ಹದಿಮೂರನೆಯ ಆಯ

ನಮ್ಮ ಮನೆಯ ಅತಿ ದೊಡ್ಡ ಕೋಣೆ ನೆಲದ ಕೆಳಗಿತ್ತು. ಅಂಗಳದ ಚಪ್ಪಡಿಯೊಂದನ್ನು ಸರಿಸಿದರೆ ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ, ಅದರ ಕೆಳಗೆ ಹತ್ತು ಜನ ನಿಲ್ಲಬಹುದಾದ ಹೊಟ್ಟೆ. ಇದಕ್ಕೆ ಹಗೇವು ಎಂದು ಹೆಸರು. ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವ ನೆಲಗುಂಡಿ. ಸಾಸಲು ಹೋಬಳಿಯ ಉಳಿದ ಮನೆಗಳವರು ತಮ್ಮ ಹಗೇವುಗಳನ್ನು ಎಂದೋ ಮಣ್ಣು ತುಂಬಿ ಮುಚ್ಚಿದ್ದರು. ನಮ್ಮ ತಾತ ಮಾತ್ರ ಮುಚ್ಚಿರಲಿಲ್ಲ. ಮೇಲೆ ವಾಸವಾಗಿದ್ದ ನಮಗಿಂತ ಕೆಳಗೆ ವಾಸವಾಗಿದ್ದ ರಾಗಿಗೆ ಮನೆಯಲ್ಲಿ ಮರ್ಯಾದೆ ಹೆಚ್ಚು. ಅದನ್ನು ತೆರೆಯುವ ದಿನ ತಾತ ಸ್ನಾನ ಮಾಡಿ, ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ, ಯಾರೂ ಇಳಿಯಕೂಡದು. ಉರಿದರೆ ಅಪ್ಪ ಇಳಿಯಬೇಕು. ಅಪ್ಪ ಇಳಿಯುವಾಗ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಿರುತ್ತಿದ್ದಳು. ತಾತ ಮಾತ್ರ ರಾಗಿಯ ಆರೋಗ್ಯ ವಿಚಾರಿಸುತ್ತಿದ್ದರು.

ಈ ಗುಂಡಿಯ ಸುತ್ತ ತಾತ ಒಂದು ಅರ್ಥಶಾಸ್ತ್ರವನ್ನೇ ಕಟ್ಟಿದ್ದರು. ತಾವು ಉಂಡದ್ದು ತಮ್ಮ ಅಪ್ಪ ತುಂಬಿದ್ದು, ತಾವು ತುಂಬಿರುವುದು ಮೊಮ್ಮಕ್ಕಳಿಗೆ, ನಡುವೆ ಯಾರೂ ಕೈ ಹಾಕಕೂಡದು. ಹಾಗಾಗಿ ಹೊಸ ರಾಗಿ ಬಂದ ಕೂಡಲೇ ಅದು ಭೂಗತವಾಗಿ, ಹಳೆಯದು ಮೇಲೆ ಬರುತ್ತಿತ್ತು. ಊರಿನವರೆಲ್ಲ ಘಮಘಮಿಸುವ ಹೊಸ ರಾಗಿಯ ಮುದ್ದೆ ನುಂಗುವ ಕಾಲದಲ್ಲಿ ನಾವು ನಡುಮನೆಯಲ್ಲಿ ಸಾಲಾಗಿ ಕೂತು, ಎಂದೋ ತೀರಿಹೋದ ಹಿರಿಯರ ರಾಗಿಯನ್ನು ಅವರೆಕಾಳಿನ ಸಾರಿನಲ್ಲಿ ಅದ್ದುತ್ತಿದ್ದೆವು. ಅದಕ್ಕೊಂದು ಮಣ್ಣಿನ ವಾಸನೆ ಇತ್ತು. ನಾನು ಬಾಲ್ಯವಿಡೀ ಪಿತೃಗಳ ಋಣವನ್ನು ದಿನಕ್ಕೆ ಎರಡು ಹೊತ್ತು ನಾಲಿಗೆಯ ಮೇಲೆ ಅನುಭವಿಸಿದವಳು. ಅಪ್ಪನಿಗೂ ಈ ವಿಚಾರದಲ್ಲಿ ಅಭಿಪ್ರಾಯಗಳಿದ್ದವು. ಅವನ್ನು ಅವರು ಹೊಲದಲ್ಲಿ ಎತ್ತುಗಳಿಗೆ ಹೇಳುತ್ತಿದ್ದರು. ಅಜ್ಜಿ ಏನೂ ಹೇಳುತ್ತಿರಲಿಲ್ಲ. ಆದರೆ ತಾತನ ತಟ್ಟೆಗೆ ಮುದ್ದೆ ಇಡುವಾಗ ಅವಳ ಕೈ ತಟ್ಟೆಯಿಂದ ಎಷ್ಟು ಎತ್ತರದಲ್ಲಿದೆ ಎಂಬುದರಿಂದ ಅಂದಿನ ಮನೆಯ ರಾಜಕೀಯ ಗೊತ್ತಾಗುತ್ತಿತ್ತು.

ಊರಿನ ಸರ್ಕಾರಿ ಶಾಲೆ ಏಳನೆಯ ತರಗತಿಗೆ ನಿಂತುಹೋಗುತ್ತಿತ್ತು. ಆಮೇಲೆ ಗಂಡುಮಕ್ಕಳು ಸೈಕಲ್ ಹತ್ತಿ ಮುಖ್ಯರಸ್ತೆ ತಲುಪಿ, ಅಲ್ಲಿಂದ ಬಸ್ಸು ಹಿಡಿದು ದೊಡ್ಡಬಳ್ಳಾಪುರಕ್ಕೆ ಹೋಗುತ್ತಿದ್ದರು. ಹೆಣ್ಣುಮಕ್ಕಳು ಸೈಕಲ್ಲನ್ನೂ ಹತ್ತುತ್ತಿರಲಿಲ್ಲ, ಬಸ್ಸನ್ನೂ ಹತ್ತುತ್ತಿರಲಿಲ್ಲ. ನಮ್ಮ ಸೋದರತ್ತೆ ಏಳನೆಯ ತರಗತಿಯಲ್ಲಿ ಹೋಬಳಿಗೇ ಮೊದಲನೆಯವಳಾಗಿ ಬಂದು, ಬಹುಮಾನವಾಗಿ ಒಲೆಯನ್ನು ಪಡೆದವಳು. ನಾನು ಏಳನೆಯ ತರಗತಿಯಲ್ಲಿದ್ದ ಆ ವರ್ಷ ನನ್ನ ಬಹುಮಾನವೂ ಅಡುಗೆಮನೆಯ ಮೂಲೆಯಲ್ಲಿ ಹೊಗೆಯಾಡುತ್ತ ಕಾಯುತ್ತಿತ್ತು. ಅಷ್ಟರಲ್ಲಿ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಒಂದು ಮಾತು ಹೇಳಿ ಹೋದರು: ಊರಿನವರು ಯುಗಾದಿಯೊಳಗೆ ಎರಡು ಕೋಣೆ ಎಬ್ಬಿಸಿ ತೋರಿಸಿದರೆ ಮುಂದಿನ ಜೂನ್‌ನಿಂದ ಹೈಸ್ಕೂಲು ಕೊಡಬಹುದು, ಮೇಷ್ಟ್ರುಗಳನ್ನೂ ಅವರ ಸಂಬಳವನ್ನೂ ಸರ್ಕಾರ ನೋಡಿಕೊಳ್ಳುತ್ತದೆ, ತೋರಿಸದಿದ್ದರೆ ಪಕ್ಕದ ಊರು ಕಾದಿದೆ. ಕಲ್ಲಿಗೆ ಗುಡ್ಡವಿತ್ತು, ದುಡಿಯಲು ಕೈಗಳಿದ್ದವು. ಶೀಟು, ಸಿಮೆಂಟು, ಬಾಗಿಲು ಮಾತ್ರ ಗುಡ್ಡದಲ್ಲಿ ಸಿಗುತ್ತಿರಲಿಲ್ಲ. ಅದಕ್ಕೆ ಮನೆಗಿಷ್ಟು ರಾಗಿ ಎತ್ತಿ ಮಾರೋಣ ಎಂದು ಊರಿನವರು ನಮ್ಮ ಪಡಸಾಲೆಯಲ್ಲಿ ಸೇರಿದರು. ನಮ್ಮ ಪಡಸಾಲೆಯಲ್ಲೇ ಏಕೆಂದರೆ, ಊರಿನ ದೊಡ್ಡ ಕಣ ನಮ್ಮದು, ತಾತನ ಕೈ ಎಷ್ಟು ಬಿಚ್ಚುತ್ತದೋ ಊರಿನ ಕೈ ಅಷ್ಟೇ ಬಿಚ್ಚುತ್ತಿತ್ತು.

“ಮಕ್ಕಳಿರೋರು ಕೊಡ್ಲಿ. ನನ್ನ ಮಕ್ಕಳ ಓದು ಮುಗಿದು ಯಾವ ಕಾಲವಾಯ್ತು,” ಎಂದರು ತಾತ.

“ಮೊಮ್ಮಕ್ಕಳಿಲ್ವಾ ಯಜಮಾನ್ರೇ?” ಎಂದ ನೀರಗಂಟಿ ಮುನಿಯಪ್ಪ. ಕೆರೆಯ ತೂಬು ಎತ್ತಿ ಇಳಿಸುವುದು ಅವನ ಮನೆತನದ ಕೆಲಸ.

“ಅವಕ್ಕೆ ಹಗೇವು ಐತೆ.”

“ಹಗೇವಿನಾಗೆ ಎಂಟನೇ ಕ್ಲಾಸು ಐತಾ?”

“ಮುನಿಯಾ, ಹೆಣ್ಮಗು ಏಳು ಓದೈತೆ. ಕಾಗದ ಓದ್ತಾಳೆ, ಕೂಡೋದು ಕಳೆಯೋದು ಬತ್ತದೆ. ಇನ್ನೇನು ಅವಳು ಹೋಗಿ ವಿಧಾನಸೌಧ ಗುಡಿಸಬೇಕಾ? ಕೆಲಸ ಮಾಡೋರಿಗೆ ನಾನು ಯಾವತ್ತಾದ್ರೂ ಆಯ ತಪ್ಪಿಸಿದ್ದೀನಾ? ಆಚಾರಿ ಕುಡುಗೋಲು ತಟ್ಟಿಕೊಡ್ತಾನೆ, ತಗೋತಾನೆ. ಇಸ್ಕೂಲು ನನಗೇನು ತಟ್ಟಿಕೊಟ್ಟೈತೆ?”

ಸಭೆ ಎಲೆ ಅಡಿಕೆ ಹಾಕಿಕೊಂಡು ಎದ್ದುಹೋಯಿತು. ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು, ನನ್ನ ಎಂಟನೆಯ ತರಗತಿ ಅವರ ಹಿಂದೆಯೇ ಮೆಟ್ಟಿಲಿಳಿದು ಹೋಗುವುದನ್ನು ನೋಡಿದೆ.

ಆಯದ ವಿಷಯ ಇಲ್ಲಿ ಹೇಳಬೇಕು. ಊರಿಗೆ ಕೆಲಸ ಮಾಡುವ ಆಚಾರಿ, ಮಡಿವಾಳ, ಕ್ಷೌರಿಕ, ನೀರಗಂಟಿ ಮೊದಲಾದ ಹನ್ನೆರಡು ಮಂದಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಸಲ್ಲಬೇಕಾದ ಧಾನ್ಯದ ಪಾಲೇ ಆಯ. ನನ್ನ ಕಾಲಕ್ಕೆ ಹನ್ನೆರಡರಲ್ಲಿ ನಾಲ್ಕೈದು ಉಳಿದಿದ್ದವು. ಕ್ಷೌರಿಕ ಬಸ್‌ಸ್ಟಾಪಿನಲ್ಲಿ ಕನ್ನಡಿ ಹಾಕಿಕೊಂಡು ತಲೆಗಿಷ್ಟು ಎಂದು ರೊಕ್ಕ ಎಣಿಸುತ್ತಿದ್ದ. ಆದರೂ ಸುಗ್ಗಿಗೆ ಬಂದರೆ ತಾತ ಅಳೆದೇ ಕೊಡುತ್ತಿದ್ದರು. ಕಣಕ್ಕೆ ಅದರದೇ ಕಾನೂನು. ಚಪ್ಪಲಿ ಮೆಟ್ಟಿ ಕಾಲಿಡಬಾರದು. ಯಾರಿಗೇ ಅಳೆದರೂ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಾಶಿಯ ಮುಂದೆ ನಿಂತು ಯಾರಾದರೂ ಕೇಳಿದರೆ ಇಲ್ಲ ಎಂಬ ಶಬ್ದ ಬಾಯಲ್ಲಿ ಬರಬಾರದು. ಬಂದರೆ ರಾಶಿ ಕುಗ್ಗುತ್ತದೆ. ತಾತ ಈ ಕಾನೂನಿನ ಪ್ರಧಾನ ನ್ಯಾಯಾಧೀಶರು. ಹಿಂದಿನ ವರ್ಷ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಕೆರೆ ಒಣಗಿ ಇಷ್ಟು ವರ್ಷವಾದರೂ ಮುನಿಯಪ್ಪನಿಗೆ ಏಕೆ ಆಯ ಎಂದು ಕೇಳಿದ್ದೆ.

“ನೀರು ಬಂದ ದಿನ ತೂಬು ಎತ್ತೋಕೆ ಆಳು ಬೇಡ್ವೇನೇ?” ಎಂದಿದ್ದರು ತಾತ. “ಇವತ್ತು ಕೆಲಸ ಇಲ್ಲ ಅಂತ ಅವನ ಬಿಟ್ಟುಬಿಟ್ರೆ, ಅವನು ದಾಬಸ್‌ಪೇಟೆ ಫ್ಯಾಕ್ಟ್ರಿ ಸೇರ್ಕೋತಾನೆ. ಆಮೇಲೆ ಕೆರೆ ತುಂಬಿದಾಗ ಯಾರನ್ನ ಕರೀತೀಯ, ನಿಮ್ಮಪ್ಪನ್ನಾ?”

ಆ ಮಾತನ್ನು ನಾನು ಹಗೇವಿನಲ್ಲಿಟ್ಟಂತೆ ಇಟ್ಟುಕೊಂಡಿದ್ದೆ. ಯಾವಾಗ ತೆಗೆಯಬೇಕೆಂದು ಗೊತ್ತಿರಲಿಲ್ಲ.

ರಾಶಿ ಅಳೆಯುವ ದಿನ ಬೆಳಿಗ್ಗೆ ಅಜ್ಜಿ ಅಟ್ಟದಿಂದ ಎರಡು ಮೊರ ಇಳಿಸಿದಳು. ಒಂದು ದಿನನಿತ್ಯ ಕೇರುವುದು, ಇನ್ನೊಂದು ಬಾಗಿನಕ್ಕೆಂದು ಇಟ್ಟಿದ್ದ ಹೊಸದು. ಹೊಸದನ್ನು ನನ್ನ ಮುಂದೆ ಇಟ್ಟು, ಒಲೆಯ ಕಡೆ ತಿರುಗಿ, ಯಾರಿಗೋ ಹೇಳುವಂತೆ ಹೇಳಿದಳು:

“ಕಣದಾಗೆ ಕೇಳಿದೋರಿಗೆ ನಿಮ್ಮ ತಾತ ಇಲ್ಲ ಅಂದಿದ್ದನ್ನ ನಾನಂತೂ ಈ ಮನೆಗೆ ಬಂದಾಗಿನಿಂದ ಕೇಳಿಲ್ಲ.”

ನಾನು ಮೊರ ತೆಗೆದುಕೊಂಡು ಕಣಕ್ಕೆ ಹೋದೆ. ರಾಶಿಗೆ ಪೂಜೆ ಆಗಿತ್ತು. ಆಯಗಾರರು ಸಾಲಾಗಿ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಮುನಿಯಪ್ಪನ ಹಿಂದೆ ನಿಂತೆ. ಅವನು ಹಿಂತಿರುಗಿ ನೋಡಿ, ಏನೂ ಕೇಳದೆ, ಮೊರ ಹಿಡಿಯುವ ಕ್ರಮ ತೋರಿಸಿಕೊಟ್ಟ. ತಾತ ಬಳ್ಳದಲ್ಲಿ ಅಳೆಯುತ್ತಿದ್ದರು. ಅದು ಎರಡು ಸೇರು ಹಿಡಿಯುವ ಮರದ ಅಳತೆ. ದೇವರಿಗೆ ಅಳೆಯುವಾಗ ಗೋಪುರ ಬರುವಂತೆ ತುಂಬುತ್ತಿದ್ದರು. ಮನುಷ್ಯರಿಗೆ ಅಳೆಯುವಾಗ ಅಂಗೈಯಿಂದ ಗೀರಿ, ಮೇಲಿನದನ್ನು ರಾಶಿಗೆ ಇಳಿಸುತ್ತಿದ್ದರು. ಆ ಅಂಗೈ ತಾಲ್ಲೂಕಿನಲ್ಲೇ ಪ್ರಸಿದ್ಧವಾಗಿತ್ತು. ನನ್ನ ಸರದಿ ಬಂತು.

“ಏನವ್ವಾ ಇದು?”

“ಇಸ್ಕೂಲಿಗೆ, ತಾತ.”

ತಾತನ ಬಾಯಿ ಒಂದು ಶಬ್ದಕ್ಕೆ ತಯಾರಾಗಿ, ರಾಶಿಯನ್ನು ನೋಡಿ, ಹಾಗೆಯೇ ಮುಚ್ಚಿಕೊಂಡಿತು. ಬಳ್ಳವನ್ನು ಕೆಳಗಿಟ್ಟರು. ಎರಡೂ ಕೈ ಜೋಡಿಸಿ ಒಂದೇ ಒಂದು ಬೊಗಸೆ ರಾಗಿ ಎತ್ತಿ ಮೊರಕ್ಕೆ ಹಾಕಿದರು. ಇಲ್ಲ ಎನ್ನಲಿಲ್ಲ, ಕೊಟ್ಟರು ಎನ್ನುವಂತೆಯೂ ಇರಲಿಲ್ಲ. ಕಾನೂನು ಗೆದ್ದಿತು, ಹುಡುಗಿ ಸೋತಳು ಎಂದು ಅವರ ಮುಖ ಹೇಳುತ್ತಿತ್ತು.

ಆದರೆ ಎಷ್ಟು ಕಣಕ್ಕೆ ಹೋಗಬಹುದು ಎಂಬ ವಿಚಾರದಲ್ಲಿ ಕಾನೂನು ಮೌನವಾಗಿತ್ತು. ನಾನು ಅಲ್ಲಿಂದ ಪಕ್ಕದ ಕಣಕ್ಕೆ ಹೋದೆ, ಅಲ್ಲಿಂದ ಆಚೆಯದಕ್ಕೆ. ಎಲ್ಲರೂ ಮೊದಲು ಮೊರದೊಳಗೆ ಇಣುಕಿ, ದೊಡ್ಡ ಮನೆಯಿಂದ ಬಿದ್ದಿರುವುದು ಎಷ್ಟೆಂದು ಕೇಳಿ, ತಾವೂ ಸರಿಯಾಗಿ ಒಂದು ಬೊಗಸೆ ಹಾಕಿದರು. ಹೆಚ್ಚು ಹಾಕಿದರೆ ಯಜಮಾನರಿಗೆ ಅವಮಾನ, ಕಡಿಮೆ ಹಾಕಿದರೆ ತಮಗೆ. ಒಂದು ಕಣದಲ್ಲಿ ಹೆಂಗಸೊಬ್ಬಳು ನಕ್ಕು, “ಏನೇ ಜಯಾ, ನಿಮ್ಮನೆ ಹಗೇವು ತಳ ಕಂಡುಬಿಡ್ತಾ?” ಎಂದಳು. ನನ್ನ ಕಿವಿ ಉರಿಯಿತು. ಮೊರ ಮಾತ್ರ ಕೆಳಗಿಳಿಸಲಿಲ್ಲ. ಸಂಜೆ ಹೊತ್ತಿಗೆ ಹನ್ನೊಂದು ಕಣ ಸುತ್ತಿದ್ದೆ. ಕೊನೆಗೆ ಮೊರವನ್ನು ಶಾಲೆಯ ಜಗಲಿಯಲ್ಲಿ ಗೋಣಿಚೀಲಕ್ಕೆ ಸುರಿದೆ. ಹನ್ನೊಂದು ಬೊಗಸೆಯಲ್ಲಿ ಒಂದು ಕಿಟಕಿಯೂ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಸುದ್ದಿ ನನಗಿಂತ ಮುಂಚೆ ಮನೆ ತಲುಪಿತ್ತು. ಊಟಕ್ಕೆ ಕೂತಾಗ ಅಜ್ಜಿ ಮುದ್ದೆಯನ್ನು ಸಾಕಷ್ಟು ಎತ್ತರದಿಂದಲೇ ಬಿಟ್ಟಳು.

“ಯಜಮಾನ್ರ ಮೊಮ್ಮಗಳು ಭಿಕ್ಷಕ್ಕೆ ಬಂದಿದ್ಲು ಅಂತ ಟೀ ಅಂಗಡೀಲಿ ಆಡ್ಕೋತಾವ್ರೆ,” ಎಂದರು ತಾತ. “ನಮ್ಮ ಮನೆತನದಾಗೆ ಮೊರ ಹಿಡಿದು ಊರು ಸುತ್ತಿದೋರು ಯಾರೂ ಇಲ್ಲ. ಯಾರು ಹೇಳ್ಕೊಟ್ರು ನಿನಗೆ?”

ಅಜ್ಜಿ ಸಾರಿನ ಪಾತ್ರೆಯೊಳಗೆ ಏನೋ ಕಳೆದುಹೋದಂತೆ ಸೌಟಿನಿಂದ ಹುಡುಕುತ್ತಿದ್ದಳು.

“ಯಾರೂ ಇಲ್ಲ ತಾತ. ಕಣದಲ್ಲಿ ಕೇಳಿದ್ರೆ ಇಲ್ಲ ಅನ್ನಬಾರದು ಅಂತ ನೀವೇ ಹೇಳಿದ್ರಲ್ಲ.”

“ಕೇಳೋಕೂ ಹಕ್ಕಿರಬೇಕು ಕಣೇ. ಆಚಾರಿಗೈತೆ, ಮುನಿಯಪ್ಪಂಗೈತೆ. ಹಕ್ಕಿದ್ದೋನು ಕೇಳಿದ್ರೆ ಆಯ. ಇಲ್ಲದೋನು ಕೇಳಿದ್ರೆ ಭಿಕ್ಷೆ.”

“ಮುನಿಯಪ್ಪ ತೂಬು ಮುಟ್ಟಿ ಎಷ್ಟು ವರ್ಷ ಆಯ್ತು? ನೀರು ಬಂದ ದಿನಕ್ಕೆ ಆಳು ಬೇಕು ಅಂತ ಕೊಡ್ತೀರಲ್ಲ. ನನ್ನನ್ನೂ ಹಂಗೇ ಅಂದ್ಕೊಳ್ಳಿ.”

ಅಮ್ಮ ನನ್ನ ಬಾಯಿ ಮುಚ್ಚಲು ಎದ್ದಳು. ಅಷ್ಟರಲ್ಲಿ, ಮನೆಯೊಳಗೆ ಎಂದೂ ಅಭಿಪ್ರಾಯ ಹೇಳದ ಅಪ್ಪ, ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

“ಸರಿಯಾಗೇ ಹೇಳ್ತಾಳೆ.”

ತಾತ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಹಿರಿಯರ ರಾಗಿಯನ್ನು ತಟ್ಟೆಯಲ್ಲಿ ಬಿಟ್ಟು ಏಳುವುದು ನಮ್ಮ ಮನೆಯಲ್ಲಿ ಯಾರೂ ಕಂಡಿರದ ಘಟನೆ. ಅಜ್ಜಿ ಆ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ, ನಿಶ್ಚಿಂತೆಯಿಂದ ತನ್ನ ಊಟಕ್ಕೆ ಕೂತಳು.

ಮರುದಿನ ಬೆಳಿಗ್ಗೆ ತಾತ ಇಸ್ತ್ರಿ ಮಾಡಿದ ಪಂಚೆ ಉಟ್ಟು ಊರಿನವರನ್ನು ಮತ್ತೆ ಪಡಸಾಲೆಗೆ ಕರೆಸಿದರು. ನನ್ನನ್ನು ಒಳಗೆ ಹೋಗು ಎನ್ನಲಿಲ್ಲ. ತೀರ್ಪು ಓದುವ ದನಿಯಲ್ಲಿ ಶುರು ಮಾಡಿದರು.

“ನಮ್ಮನೆ ಹುಡುಗಿ ನಿನ್ನೆ ಭಿಕ್ಷೆ ಎತ್ತಿದ್ಲು ಅಂತ ಯಾರಾದ್ರೂ ಅಂದಿದ್ರೆ, ಅವರಿಗೆ ರೀತಿ ರಿವಾಜು ಗೊತ್ತಿಲ್ಲ. ಅವಳು ಎತ್ತಿದ್ದು ಆಯ. ಹನ್ನೆರಡು ಆಯ ಇತ್ತು, ಇವತ್ತಿಂದ ಹದಿಮೂರು. ಇಸ್ಕೂಲೂ ಆಯಗಾರ. ಅದು ಇವತ್ತು ನನಗೆ ಕೆಲಸ ಮಾಡ್ದೆ ಇರಬಹುದು. ಮುನಿಯಪ್ಪನೂ ಮಾಡ್ತಿಲ್ಲ. ನೀರು ಬಂದ ದಿನಕ್ಕೆ ಆಳು ಬೇಕು.”

ಆ ಮಾತು ನನ್ನದೆಂದು ಎಲ್ಲೂ ದಾಖಲಾಗಲಿಲ್ಲ. ಮೂಲತಃ ಅವರದೇ ಆದ್ದರಿಂದ ನಾನೂ ತಕರಾರು ಎತ್ತಲಿಲ್ಲ.

“ಹಂಗಾದ್ರೆ ನಾವು ಬೊಗಸೆ ಹಾಕಿದೀವಲ್ಲ ಯಜಮಾನ್ರೇ, ಮುಗೀತಲ್ಲ?” ಎಂದನೊಬ್ಬ.

“ಆಯ ಯಾವತ್ತಾದ್ರೂ ಬೊಗಸೇಲಿ ಅಳೀತಾರೇನಯ್ಯಾ? ಕಡಿಮೆ ಬಿದ್ದಿದ್ದನ್ನ ಸಂಜೆ ಒಳಗೆ ತಂದು ಸುರೀರಿ. ವರ್ಷಾ ವರ್ಷ, ಆಚಾರಿಗೆ ಎಷ್ಟೋ ಅಷ್ಟು. ಮಕ್ಕಳಿದ್ರೂ ಸರಿ, ಇಲ್ಲದಿದ್ರೂ ಸರಿ. ಕುಡುಗೋಲು ಇಲ್ಲದೋನು ಆಚಾರಿಗೆ ಆಯ ತಪ್ಪಿಸ್ತಾನಾ?”

“ಮೊದಲು ನಿಮ್ಮ ಬೊಗಸೆ ಸರಿ ಮಾಡಿ,” ಎಂದ ಮುನಿಯಪ್ಪ, ಬಹಳ ವಿನಯದಿಂದ.

ತಾತ ಅದನ್ನೂ ಸರಿ ಮಾಡಿದರು. ಮರ್ಯಾದೆ ಉಳಿಸಿಕೊಳ್ಳಲು ಆಡಿದ ಮಾತು ಅವರನ್ನೇ ಕಟ್ಟಿಹಾಕಿತ್ತು. ಅಂದಿನಿಂದ ಹೈಸ್ಕೂಲು ಅವರ ಸ್ವಂತ ಹೊಲದ ಬದುವಾಯಿತು, ಬಿಟ್ಟುಕೊಡುವಂತಿಲ್ಲ. ಗುಡ್ಡದಿಂದ ಕಲ್ಲು ಬಂತು, ಗೋಡೆ ಎದ್ದಿತು. ಊರ ಆಯವೆಲ್ಲ ಸೇರಿ ಒಂದು ಕೋಣೆಗೆ ಶೀಟು ಹೊದಿಸಿ ಮುಗಿದುಹೋಯಿತು. ಎರಡನೆಯ ಕೋಣೆ ಆಕಾಶಕ್ಕೆ ಬಾಯಿ ತೆರೆದು ನಿಂತಿತ್ತು, ಯುಗಾದಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಪಕ್ಕದ ಊರಿನವರು ಆಗಾಗ ಸೈಕಲ್ಲಿನಲ್ಲಿ ಬಂದು, ನಮ್ಮ ಗೋಡೆಗಳನ್ನು ಸಂತಾಪದಿಂದ ನೋಡಿ ಹೋಗುತ್ತಿದ್ದರು. ಅವರ ಸಂತಾಪವನ್ನು ತಾತ ಎರಡು ದಿನ ಸಹಿಸಿದರು. ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಅಂಗಳದ ಚಪ್ಪಡಿ ಸರಿಸಲು ಹೇಳಿದರು. ದೀಪ ಇಳಿಯಿತು, ಉರಿಯಿತು. ಅಪ್ಪ ಇಳಿದರು.

“ಎಷ್ಟು ತುಂಬಲಿ?” ಎಂದು ಕೆಳಗಿನಿಂದ ಅಪ್ಪನ ದನಿ ಬಂತು.

“ಶೀಟಿಗೆ ಆಗೋಷ್ಟು.”

“ಮೊಮ್ಮಕ್ಕಳಿಗೆ ಅಂತ ಇಟ್ಟಿದ್ದಲ್ವಾ?” ಎಂದಳು ಅಜ್ಜಿ, ಅಕ್ಕಿ ಆರಿಸುತ್ತ.

“ನಾನೇನು ಈಗ ನಿನ್ನ ತವರಿಗೆ ಕಳಿಸ್ತಿದ್ದೀನಾ?” ಎಂದರು ತಾತ.

ಅಂದು ಚೀಲಗಳು ಒಂದೊಂದಾಗಿ ಮೇಲೆ ಬರುವುದನ್ನು ನಾನು ಜಗಲಿಯ ಮೇಲೆ ಕೂತು ನೋಡಿದೆ. ಯಾರದೋ ಅಪ್ಪ ಬಿತ್ತಿ, ಯಾರದೋ ಮಗ ಹೂತಿಟ್ಟ ರಾಗಿ ಎತ್ತಿನ ಗಾಡಿ ಹತ್ತಿ ದೊಡ್ಡಬಳ್ಳಾಪುರದ ಮಂಡಿಗೆ ಹೋಗಿ, ಸಂಜೆಗೆ ಶೀಟಾಗಿ ಹಿಂತಿರುಗಿತು. ಬಾಗಿಲಿಗೆ ಸಾಲಲಿಲ್ಲ. ಅಧಿಕಾರಿ ಬಂದು, ಎರಡನೆಯ ಕೋಣೆಗೆ ಬಾಗಿಲೇ ಇಲ್ಲವಲ್ಲ ಎಂದಾಗ, ಹೆಣ್ಣುಮಕ್ಕಳು ಒಳಗೆ ಬರಲು ಅನುಕೂಲವಾಗಲಿ ಎಂದು ಬಿಟ್ಟಿದ್ದೇವೆ ಎಂದು ತಾತ ಗಂಭೀರವಾಗಿ ಉತ್ತರಿಸಿದರು. ಜೂನ್‌ನಲ್ಲಿ ನಾವು ಒಂಬತ್ತು ಹುಡುಗಿಯರು ಆ ಬಾಗಿಲಿಲ್ಲದ ಬಾಗಿಲಿನಿಂದ ಎಂಟನೆಯ ತರಗತಿಗೆ ಒಳಹೊಕ್ಕೆವು. ಮಳೆಗಾಲದಲ್ಲಿ ಶೀಟಿನ ಮೇಲೆ ಹನಿ ಬಿದ್ದರೆ ಮೇಷ್ಟ್ರ ಪಾಠ ಕೇಳಿಸುತ್ತಿರಲಿಲ್ಲ. ನನಗೆ ಮಾತ್ರ ರಾಗಿ ಸುರಿಯುವ ಸದ್ದು ಕೇಳಿಸುತ್ತಿತ್ತು.

ಹೊಸ ಹೆಡ್‌ಮೇಷ್ಟ್ರು ಬೆಂಗಳೂರಿನಿಂದ ಬಂದವರು, ಪ್ಯಾಂಟು ಹಾಕುವವರು. ಮುಂದಿನ ಸುಗ್ಗಿಯಲ್ಲಿ, ರಾಗಿಯನ್ನು ಶಾಲೆಗೇ ಕಳಿಸಿಬಿಡಿ ಎಂದು ಚೀಟಿ ಕೊಟ್ಟು ಕಳಿಸಿದರು. ತಾತ ಚೀಟಿಯನ್ನು ನನ್ನಿಂದ ಓದಿಸಿ, ನನ್ನಿಂದಲೇ ಹಿಂದಕ್ಕೆ ಕಳಿಸಿದರು. ಕೊನೆಗೆ ಆ ಮಹನೀಯರು ಬೂಟು ಕಳಚಿ, ಕಾಲುಚೀಲವನ್ನೂ ಕಳಚಿ, ಪ್ಯಾಂಟು ಮಡಿಸಿ, ಮೊರ ಹಿಡಿದು ಮುನಿಯಪ್ಪನ ಹಿಂದೆ ನಿಲ್ಲಬೇಕಾಯಿತು.

“ಕೇಳಿ ಮೇಷ್ಟ್ರೇ,” ಎಂದರು ತಾತ. “ಕೇಳದೆ ಕೊಟ್ರೆ ಅದು ನನ್ನ ದೊಡ್ಡತನ ಆಗ್ತದೆ. ನೀವು ಕೇಳಿ ತಗೋಬೇಕು. ಅದು ನಿಮ್ಮದು.”

ಆಯಕ್ಕೆ ತಕ್ಕ ಕೆಲಸವನ್ನೂ ತಾತ ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೈಸ್ಕೂಲಿನ ಇಬ್ಬರು ಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು, ಊರಿನ ಮುದುಕರ ಪಹಣಿ ಓದಬೇಕು, ಕಾಗದ ಬರೆಯಬೇಕು ಎಂದು ಗೊತ್ತುಮಾಡಿದರು. ಮೊದಲ ಶನಿವಾರ ನಾನೇ ಕೂತೆ. ಪೆನ್ನು ಹಿಡಿದವಳ ಸುತ್ತ ಕೋಲು ಹಿಡಿದವರು. ಊರಿನ ವೃದ್ಧಾಪ್ಯ ವೇತನದ ಅರ್ಜಿಗಳೆಲ್ಲ ನಮ್ಮ ಪಡಸಾಲೆಯಲ್ಲೇ ಹುಟ್ಟಿದವು. ಮುನಿಯಪ್ಪನ ತಾಯಿಗೆ ಮೊದಲ ಮನಿಯಾರ್ಡರ್ ಬಂದಾಗ ಆಕೆ ಅದರಲ್ಲಿ ಒಂದು ಪೊಟ್ಟಣ ಕಾರಾಸೇವು ತಂದು, ನನ್ನ ಕೈಗೆ ಕೊಡದೆ ತಾತನ ಮುಂದೆ ಇಟ್ಟು, “ನಿಮ್ಮ ಆಚಾರಿ ಚೆನ್ನಾಗಿ ತಟ್ಟುತಾಳೆ ಬಿಡಿ,” ಎಂದಳು. ಅಜ್ಜಿ ತನಗೂ ಒಂದು ಅರ್ಜಿ ಬರೆಯಲು ಹೇಳಿದಳು. ಇಷ್ಟು ಜಮೀನಿರುವ ಯಜಮಾನರ ಹೆಂಡತಿಗೆ ಸರ್ಕಾರ ಕೊಡುವುದಿಲ್ಲ ಎಂದೆ. ಈ ಯಜಮಾನರಿಂದ ನನಗೆ ಏನು ಬಂದಿದೆ ಅಂತ ಅದರಲ್ಲಿ ಬರಿ, ಖಂಡಿತ ಕೊಡ್ತಾರೆ ಎಂದಳು.

ನಾನು ಹತ್ತನೆಯ ತರಗತಿ ದಾಟಿ ದೊಡ್ಡಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲ. ಒಂಬತ್ತು ಹುಡುಗಿಯರಲ್ಲಿ ಪಾಸಾದ ನಾಲ್ವರೂ ಆ ಬಸ್ಸು ಹತ್ತಿದೆವು; ಮೂರು ವರ್ಷ ಊರಿನೊಳಗೇ ಓದಿ ಬೆಳೆದವರನ್ನು ತಡೆಯುವ ಮಾತು ಯಾರಿಗೂ ಹೊಳೆಯಲಿಲ್ಲ. ಆ ಸುಗ್ಗಿಗೆ ಹೊಸಬರೊಬ್ಬರು ಹೆಡ್‌ಮೇಷ್ಟ್ರಾಗಿ ಬಂದಿದ್ದರು. ಎಳೆಯ ವಯಸ್ಸು, ಕೈಯಲ್ಲಿ ಒಂದು ಸರ್ಕಾರಿ ಪತ್ರ. ತಾತನ ಕಣ್ಣು ಮಂಜಾಗಿತ್ತು, ಬಳ್ಳ ಎತ್ತುವಾಗ ಕೈ ನಡುಗುತ್ತಿತ್ತು. ಆದರೂ ಅಳೆಯುವ ಹಕ್ಕನ್ನು ಅಪ್ಪನಿಗೆ ಬಿಟ್ಟುಕೊಟ್ಟಿರಲಿಲ್ಲ. ಮೇಷ್ಟ್ರು ಕಣದ ಅಂಚಿನಲ್ಲೇ ನಿಂತು ಸಂತೋಷದಿಂದ ಹೇಳಿದರು:

“ಯಜಮಾನ್ರೇ, ಇನ್ಮೇಲೆ ನಿಮಗೆ ಈ ತೊಂದರೆ ಇಲ್ಲ. ಕಟ್ಟಡಕ್ಕೆ ಗ್ರಾಂಟ್ ಬಂದಿದೆ. ಎಲ್ಲಾ ಸರ್ಕಾರವೇ ಕೊಡುತ್ತೆ.”

ತಾತ ಬಳ್ಳವನ್ನು ರಾಶಿಯ ಮೇಲೆ ಇಟ್ಟು, ದನಿ ಬಂದ ಕಡೆ ಮುಖ ತಿರುಗಿಸಿದರು.

“ಸರ್ಕಾರ ಅಂದ್ರೆ ಯಾರಪ್ಪಾ?”

ಮೇಷ್ಟ್ರು ಸಮಾಜ ಪಾಠ ಮಾಡುವವರಂತೆ ಕಾಣುತ್ತದೆ. ಮುಗುಳ್ನಕ್ಕು ಉತ್ತರಿಸಿದರು:

“ಸರ್ಕಾರ ಅಂದ್ರೆ ನಾವೇ, ನೀವೇ.”

“ಹಂಗಾದ್ರೆ ಚಪ್ಪಲಿ ಬಿಟ್ಟು ಬಂದು ಮೊರ ಹಿಡೀರಿ.”

ಅವರು ನನ್ನ ಕಡೆ ನೋಡಿದರು. ನಾನು ಅಜ್ಜಿಯ ಮೊರವನ್ನು ಅವರ ಕೈಗಿತ್ತೆ. ಬಾಗಿನಕ್ಕೆಂದು ತಂದ ಆ ಮೊರ ಅಷ್ಟು ಹೊತ್ತಿಗೆ ಅಂಚು ಸವೆದು, ಸಗಣಿ ಸಾರಿಸಿಕೊಂಡು ಹಳೆಯದಾಗಿತ್ತು. ಅವರು ಸಾಲಿನಲ್ಲಿ ನಿಂತು, ಯಾರೂ ಹೇಳಿಕೊಡದಿದ್ದರೂ ಕೇಳಿದರು. ತಾತ ಬಳ್ಳ ತುಂಬಿದರು. ನಾನು ಅಭ್ಯಾಸಬಲದಿಂದ ತಾತನ ಅಂಗೈಯನ್ನೇ ನೋಡುತ್ತಿದ್ದೆ. ಅದು ಬಳ್ಳದ ಅಂಚಿನವರೆಗೆ ಬಂದು, ಗೋಪುರವನ್ನು ಮುಟ್ಟಿ ಅದರ ಎತ್ತರ ತಿಳಿದುಕೊಂಡು, ಗೀರದೆ ಹಿಂದಕ್ಕೆ ಹೋಯಿತು.

“ಲಾಭ,” ಎಂದರು ತಾತ.